ಬೀಳದ ಸೇತುವೆಯ ಬಗ್ಗೆ ತಮ್ಮನಿಗೆ

ನನ್ನ ಜಗಳಗಂಟ ತಮ್ಮನಿಗೆ,

ಫೋನು ಮಾಡಿದಾಗಲೆಲ್ಲ ನಿನ್ನ ಹೆಂಡತಿ, "ಅವರು ಊಟಕ್ಕೆ ಕೂತಿದಾರೆ ಅಕ್ಕ" ಅನ್ನುತ್ತಾಳೆ. ಬೆಳಿಗ್ಗೆಯೂ ಊಟ, ಮಧ್ಯಾಹ್ನವೂ ಊಟ, ಸಂಜೆಯೂ ಊಟ. ಇಷ್ಟು ಉಣ್ಣುವವನು ಈಗಾಗಲೇ ಸ್ಟೀರಿಂಗಿನ ಹಿಂದೆ ಹಿಡಿಸದಷ್ಟು ಉಬ್ಬಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಇದು ಕೈಸೇರುವಾಗ ಊಟಕ್ಕೆ ಕೂತಿದ್ದರೂ ಪರವಾಗಿಲ್ಲ, ಎಡಗೈಯಲ್ಲಿ ಹಿಡಿದು ಓದು.

ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಕಿಟಕಿಗೆ ಹೋಗುತ್ತೇನೆ. ಆಫೀಸಿನ ಈ ಕಿಟಕಿಯಿಂದ ಸೇತುವೆಯ ಒಂದು ತುದಿ ಕಾಣುತ್ತದೆ, ನಾನೇ ಹಾಕಿಸಿದ ಕೆಂಪು-ಬಿಳಿ ಅಡ್ಡಪಟ್ಟಿಯೂ ಕಾಣುತ್ತದೆ. ನೋಡಿ ಬಂದು ಮತ್ತೆ ಕೂರುತ್ತೇನೆ. ಟೀ ಆರಿ ಕೆನೆಗಟ್ಟಿದೆ. ಆ ದಿನ ಗದ್ದಲದಲ್ಲಿ ಹೇಳಲಾಗದ್ದನ್ನು ಈಗಲಾದರೂ ಮೊದಲಿನಿಂದ ಹೇಳಿಬಿಡುತ್ತೇನೆ, ಕೇಳು.

ಸೇತುವೆ ಹೊರುವ ಭಾರದಲ್ಲಿ ದೊಡ್ಡ ಪಾಲು ಅದರದೇ ಮೈಭಾರ. ಮೇಲೆ ಯಾರೂ ಇಲ್ಲದಾಗಲೂ ಅದು ದುಡಿಯುತ್ತಲೇ ಇರುತ್ತದೆ. ಅದರ ಮೇಲೆ ನಾವು ಹತ್ತುತ್ತೇವೆ. ಗಾಳಿ ಪಕ್ಕದಿಂದ ತಳ್ಳುತ್ತದೆ, ಹೊಳೆ ಕಂಬಗಳ ಬುಡ ಕೆರೆಯುತ್ತದೆ, ನಿನ್ನ ಡ್ರೈವಿಂಗ್ ಸ್ಕೂಲಿನ ಶಿಷ್ಯರು ಗಕ್ಕನೆ ಬ್ರೇಕ್ ಒತ್ತಿದರೆ ಸೇತುವೆಯನ್ನೇ ಮುಂದಕ್ಕೆ ನೂಕಿದ ಹಾಗೆ. ಹಿಂದೊಮ್ಮೆ ಇದನ್ನು ಹೇಳಿದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ. ಇದೆಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟಿರುತ್ತಾರೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆ ಓಡಾಟಕ್ಕೆ ಎಡೆ ಇರಲಿ ಎಂದು ತೊಲೆಯ ಒಂದು ತುದಿಯನ್ನು ಉಕ್ಕಿನ ಉರುಳೆಗಳ ಮೇಲೆ ಕೂರಿಸಿರುತ್ತಾರೆ. ನಮ್ಮ ಸೇತುವೆಯ ಉರುಳೆಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಹಿಗ್ಗಲು ಜಾಗವಿಲ್ಲದ ತೊಲೆ ತನ್ನ ಸಿಟ್ಟನ್ನು ತನ್ನ ಮೇಲೇ ತೀರಿಸಿಕೊಂಡಿತ್ತು. ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು.

ನಮ್ಮ ಇಲಾಖೆಯ ದೊಡ್ಡ ಇಂಜಿನಿಯರ್ ಸಾಹೇಬರು, "ಲಾರಿ ಮಾತ್ರ ನಿಲ್ಸಿದ್ರೆ ಸಾಕಲ್ವೇನಮ್ಮಾ?" ಅಂದರು. ನಾನು ಸಾಲದು ಅಂದೆ. ಬಸ್ಸು, ಕಾರು, ಸ್ಕೂಟರು ಎಲ್ಲ ನಿಲ್ಲಿಸಿ, ಅಂಚಿನ ಕಾಲುದಾರಿಯಲ್ಲಿ ನಡೆದು ಹೋಗುವವರನ್ನಷ್ಟೇ ಬಿಟ್ಟೆ.

ಆಚೆ ದಡದ ಅಂಗಡಿಗಳಿಗೆ ಗಿರಾಕಿ ತಪ್ಪಿತು. ಅಲ್ಲಿರುವ ನಿನ್ನ ಸ್ಕೂಲಿಗೆ ಬರಲು ಬಸ್ಸಿಲ್ಲದೆ ನಿನ್ನ ಶಿಷ್ಯರೂ ಈಚೆ ದಡದ ಬೇರೆ ಸ್ಕೂಲಿಗೆ ಸೇರಿಕೊಂಡರು. ನೀನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂಗಿದೆ: "ಅಕ್ಕಾ, ನಿನ್ನ ಸೇತುವೆಗೆ ಜ್ವರ ಬಂದ್ರೆ ನನ್ನ ಸ್ಕೂಲಿಗೆ ಯಾಕೆ ಪಥ್ಯ?" ನನಗೆ ನಗು ಬಂತು. ನಕ್ಕಿದ್ದಕ್ಕೆ ನೀನು ಇನ್ನೂ ಉರಿದೆ. ಅಂಗಡಿಯವರ ಸಂಘ ನಿನ್ನನ್ನೇ ಮುಂದಾಳು ಮಾಡಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರಿನೊಳಗೆ ಕೂತು "ಬ್ರೇಕ್! ಬ್ರೇಕ್!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿಯೇ ಬ್ರೇಕ್ ಮೇಷ್ಟ್ರು ಅನ್ನಿಸಿಕೊಂಡವನು ನೀನು. ಆ ಗಂಟಲು ಅವರಿಗೆ ಬೇಕಿತ್ತು.

ನಿಮ್ಮ ಸಂಘ ಕರೆದ ಪ್ರತಿಭಟನೆ ದಡದಲ್ಲಿ ನಡೆಯುತ್ತದೆ ಎಂದುಕೊಂಡಿದ್ದೆ. ಕಿಟಕಿಗೆ ಬಂದು ನೋಡಿದರೆ ಅಡ್ಡಪಟ್ಟಿ ಪಕ್ಕಕ್ಕೆ ಸರಿದಿತ್ತು, ಜನ ಸೇತುವೆಯ ನಡುವಿನವರೆಗೂ ತುಂಬಿದ್ದರು. ಘೋಷಣೆ ಕೂಗುತ್ತ, ಕೂಗಿಗೆ ತಕ್ಕಂತೆ ಎಲ್ಲರೂ ಒಟ್ಟಿಗೆ ಕುಣಿಯುತ್ತಿದ್ದರು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಜನರನ್ನು ಸೀಳಿಕೊಂಡು ಬಂದು ನಿನ್ನ ತೋಳು ಹಿಡಿದಾಗ ನೀನು ಮೈಕನ್ನು ಮುಚ್ಚಿ ಹೇಳಿದೆ: "ನಡೆದು ಹೋಗೋರ್ನ ಬಿಡ್ತೀನಿ ಅಂದಿದ್ದೆ ತಾನೆ? ನಾವೇನು ಲಾರಿಗಳಾ?"

"ಲಾರಿಗಿಂತ ಭಾರ ಕಣೋ. ಲಾರಿಗಳ ನಡುವೆ ಖಾಲಿ ಜಾಗ ಇರತ್ತೆ. ಜನ ಮೂಟೆಯಲ್ಲಿ ಕಾಳು ತುಂಬ್ದಂಗೆ ತುಂಬ್ಕೋತಾರೆ. ಅದರ ಮೇಲೆ ಒಂದೇ ತಾಳದಲ್ಲಿ ಕುಣೀತಿದೀರ. ಉಯ್ಯಾಲೆನ ಸರಿಯಾದ ಹೊತ್ತಿಗೆ ತಳ್ತಾ ಹೋದ್ರೆ ಏನಾಗತ್ತೆ? ಎಲ್ರನ್ನೂ ಇಳ್ಸೋ, ನಿನ್ನ ಕಾಲಿಗೆ ಬೀಳ್ತೀನಿ. ಕೈ ಇಡು ಇಲ್ಲಿ."

ನೀನು ಕಂಬಿಯ ಮೇಲೆ ಕೈ ಇಟ್ಟೆ. ಅದು ನಡುಗುತ್ತಿತ್ತು. ಸೇತುವೆ ಅಂದ ಮೇಲೆ ನಡುಗುತ್ತದೆ, ನಡುಗುವುದೇ ತಪ್ಪಲ್ಲ. ಆದರೆ ಅಷ್ಟು ನಡುಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಬೀಳೋದು ಖಂಡಿತಾನಾ?" ಅಂತ ನೀನು ಕೇಳಿದೆ.

ಹೌದು ಅನ್ನಬಹುದಿತ್ತು. ಅನ್ನಬೇಕಿತ್ತೇನೋ. ನಿನ್ನ ಮುಖ ನೋಡಿ ನನಗೆ ಹಾಗೆ ಹೇಳಲಾಗಲಿಲ್ಲ. "ಗೊತ್ತಿಲ್ಲ" ಅಂದೆ.

ನೀನು ಮೈಕು ಎತ್ತಿದೆ. "ಕುಣಿಯೋದು ನಿಲ್ಸಿ! ಎಲ್ರೂ ನ್ಯೂಟ್ರಲ್‌ಗೆ ಬನ್ನಿ! ಓಡ್ಬೇಡಿ, ಓವರ್‌ಟೇಕ್ ಮಾಡ್ಬೇಡಿ, ಹಿಂದಿನೋರು ಮೊದ್ಲು ಇಳೀರಿ!" ಮೊದಲು ನಕ್ಕರು. ಆಮೇಲೆ ಅರ್ಥವಾಯಿತು, ಬೈದರು. "ಅಕ್ಕನಿಗೆ ಮಾರ್ಕೊಂಡ!" ಎಂದು ಒಬ್ಬ ಕೂಗಿದ. ಯಾರೋ ಮೈಕಿನ ವೈರು ಕಿತ್ತರು, ಯಾರೋ ನಿನ್ನ ಕುತ್ತಿಗೆಪಟ್ಟಿ ಹಿಡಿದು ಎಳೆದರು, ಅಂಗಿ ಹರಿಯಿತು. ಮೈಕಿಲ್ಲದೆಯೂ ನೀನು ಅರಚುತ್ತಲೇ ಇದ್ದೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರನ್ನು, ಕೋಲೂರಿಕೊಂಡ ಮುದುಕರನ್ನು, ನಿನ್ನನ್ನು ಬೈಯುತ್ತಿದ್ದವರನ್ನು, ಎಲ್ಲರನ್ನೂ ಕಳಿಸಿ ಕೊನೆಗೆ ಇಳಿದೆ. ನನ್ನ ಕಡೆ ತಿರುಗಿಯೂ ನೋಡದೆ ಆಚೆ ದಡಕ್ಕೆ ಹೋಗಿಬಿಟ್ಟೆ.

ಸೇತುವೆ ಬೀಳಲಿಲ್ಲ.

ಇದೇ ನನ್ನನ್ನು ತಿನ್ನುತ್ತಿರುವುದು. ಮರುದಿನ ಬೆಳಿಗ್ಗೆ ಏಣಿ ಹತ್ತಿ ಅಳೆದೆ. ಬಿರುಕು ಒಂದು ಎಳೆಯೂ ಬೆಳೆದಿರಲಿಲ್ಲ. ಒಂದು ರೀತಿ ಲೆಕ್ಕ ಹಾಕಿದರೆ ಆ ಜನರನ್ನೆಲ್ಲ ಹೊತ್ತು ಆರಾಮವಾಗಿ ನಿಲ್ಲುತ್ತಿತ್ತು. ಬಿರುಕಿನ ತುದಿ ಒಳಗೆ ಎಲ್ಲಿಯವರೆಗೆ ಹೋಗಿದೆಯೋ ಎಂದು ಹೆದರಿ ಹಾಕಿದರೆ ನಿಲ್ಲುತ್ತಿರಲಿಲ್ಲ. ಎರಡನ್ನೂ ಮತ್ತೆ ಮತ್ತೆ ಹಾಕಿದ್ದೇನೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಮ್ಮ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದ್ದನ್ನು ಯಾರಿಗೆ ತೋರಿಸುವುದು? "ಬಿತ್ತಾ? ಬೀಳ್ಲಿಲ್ವಲ್ಲ!" ಎಂದು ನಮ್ಮ ಹಾಲಿನವನು ಕೂಡ ಕೇಳುತ್ತಾನೆ. ಸಂಘದವರು ನಿನ್ನನ್ನು ಕೈಬಿಟ್ಟರಂತೆ, ಪಕ್ಕದ ಅಂಗಡಿಯವನು ನಿನ್ನನ್ನು ಕಂಡರೆ ಶಟರ್ ಎಳೆಯುತ್ತಾನಂತೆ. ನಿನ್ನ ಹೆಂಡತಿ ಹೇಳಿದಳು. ಅವಳನ್ನು ಬೈಯಬೇಡ, ನಾನೇ ಕೆದಕಿ ಕೇಳಿದ್ದು.

ಮತ್ತೆ ಎದ್ದು ಹೋಗಿ ಬಂದೆ. ಕೆಳಗೆ ಜ್ಯಾಕುಗಳನ್ನು ಇಳಿಸುತ್ತಿದ್ದಾರೆ. ತೊಲೆಯನ್ನು ಬೆರಳಿನಷ್ಟು ಮೇಲೆತ್ತಿ ಹಳೆಯ ಉರುಳೆಗಳನ್ನು ತೆಗೆದು ಹೊಸವನ್ನು ಕೂರಿಸುತ್ತಾರೆ, ಬಿರುಕು ಬಿಟ್ಟ ಕಡೆ ದಪ್ಪ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ವಾಹನ ಓಡಲು ಇನ್ನೂ ಕೆಲವು ತಿಂಗಳು ಬೇಕು.

ಇಷ್ಟು ವರ್ಷದ ಕೆಲಸದಲ್ಲಿ ನನ್ನ "ಖಂಡಿತ"ಗಳನ್ನು ನಂಬಿದವರು ಬೇಕಾದಷ್ಟು ಜನ. ನನ್ನ "ಗೊತ್ತಿಲ್ಲ"ವನ್ನು ನಂಬಿ ಊರೆದುರು ಅಂಗಿ ಹರಿಸಿಕೊಂಡವನು ನೀನೊಬ್ಬನೇ. ಅದನ್ನು ಹೇಳಲೆಂದೇ ಇಷ್ಟೆಲ್ಲ ಸುತ್ತಿ ಬಂದೆ.

ಭಾನುವಾರ ನಿಮ್ಮ ಸಂಘದ ಸಭೆಗೆ ಬರುತ್ತಿದ್ದೇನೆ. ಯಾರೂ ಕರೆದಿಲ್ಲ, ಆದರೂ ಬರುತ್ತೇನೆ. ಬಿರುಕಿನ ಫೋಟೋ ತೋರಿಸಿ, ಮುಚ್ಚಿಸಿದ್ದು ನಾನು, ಇಳಿಸು ಎಂದು ಅಂಗಲಾಚಿದ್ದು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಅನ್ನುತ್ತೇನೆ. ಬೀಳುತ್ತಿತ್ತಾ ಎಂದು ಕೇಳಿದರೆ ನಿನಗೆ ಕೊಟ್ಟ ಉತ್ತರವನ್ನೇ ಕೊಡುತ್ತೇನೆ. ನೀನು ಬಾರದಿದ್ದರೆ ಬೇಜಾರಿಲ್ಲ. ಬಂದರೆ ಮಾತ್ರ ಮುಂದಿನ ಸಾಲಿನಲ್ಲಿ ಕೂರಬೇಡ ಮಾರಾಯ. ಅಷ್ಟು ಜನರೆದುರು ನಿನ್ನ ಮುಖ ಕಂಡರೆ ನನಗೆ ಅಳು ಬರುತ್ತದೆ.

ನಿನ್ನ ಗಂಟಲಿಗೆ ಯಾರ ದೃಷ್ಟಿಯೂ ತಾಗದಿರಲಿ. ನೂರು ವರ್ಷ ಹೀಗೇ ಅರಚುತ್ತಿರು.

ನಿನ್ನ ಮೇಲೆ ಜೀವವಿಟ್ಟಿರುವ,
ಅಕ್ಕ