ಸುಟ್ಟ ಬಚ್ಚಲಿನ ಚಹಾ

ಅಕ್ಕಾ,

ಕಾರ್ಡು ಚಿಕ್ಕದು, ನಮ್ಮತ್ತೆಯ ಪ್ರತಾಪ ದೊಡ್ಡದು. ಹಾಗಾಗಿ ಕ್ಷೇಮಸಮಾಚಾರ ಕೊನೆಗೆ.

ಪಕ್ಕದ ಮನೆಯ ಪಫ್ನೂತಿ ಹೊರಗೆ ಬೇರೆಯಾಗಿ ಕಟ್ಟಿದ್ದ ಮರದ ಬಚ್ಚಲುಮನೆ ನಾನು ಮದುವೆಯಾಗಿ ಈ ಊರಿಗೆ ಬರುವ ಮೊದಲೇ ಸುಟ್ಟುಹೋಗಿತ್ತು. ಅದು ಈಗ ನಮ್ಮ ಕೋಸಿನ ಮಡಿ ಇರುವ ಜಾಗದಲ್ಲೇ ಇತ್ತಂತೆ, ಆದ್ದರಿಂದ ಆ ನೆಲ ತನ್ನದು ಎಂದು ಈಗ ಅವನ ತಗಾದೆ. ಬೆಂಕಿ ಆರಿಸಲು ಬಂದವರೆಲ್ಲ ಕುಡಿದಿದ್ದರಂತೆ. ಒಬ್ಬರಿಗೂ ಜಾಗ ನೆನಪಿಲ್ಲ. ನೆನಪಿಟ್ಟದ್ದು ಇವಾನ್ ಚಹಾ ಗಿಡವೊಂದೇ, ಎಲೆ ಒಣಗಿಸಿ ಚಹಾ ಕಾಸುತ್ತಾರಲ್ಲ, ಅದು. ಸುಟ್ಟ ನೆಲ ಕಂಡರೆ ಬಿಡದ ಆ ಗಿಡ ಅವನದೇ ಹಿತ್ತಲಲ್ಲಿ, ಬಚ್ಚಲಿನ ಅಳತೆಗೆ ಸರಿಯಾಗಿ ಚೌಕವಾಗಿ, ಆಳೆತ್ತರ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿದೆ. "ಕಳೆ ಎಲ್ ಬೇಕಾದ್ರೂ ಹುಟ್ಟತ್ತೆ" ಎಂದು ಅವನ ವಾದ.

ನಿನ್ನೆ ನ್ಯಾಯ ಹೇಳಲು ಊರ ಹಿರಿಯ ಪಫ್ನೂತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಅತ್ತೆ ಇಬ್ಬರಿಗೂ ಚಹಾ ಕೊಟ್ಟರು. ಪಫ್ನೂತಿ ಮೂರು ಲೋಟ ಹೀರಿ, "ಎಲ್ಲೀದು ಈ ಎಲೆ, ಗ್ಲಫೀರಕ್ಕಾ? ಘಮ್ ಅಂತಿದೆ" ಎಂದ.

"ನಿನ್ ಸುಟ್ಟ ಬಚ್ಚಲಲ್ಲಿ ಕಿತ್ತಿದ್ದಪ್ಪ" ಎಂದರು ಅತ್ತೆ.

ಅವನು ಎದ್ದು ನಿಂತು ಕೂಗಿದ: "ಏನು? ನನ್ನ ಹಿತ್ಲಿಗೆ ನುಗ್ಗಿ ಕಿತ್ಕೊಂಡ್ ಬಂದ್ಯಾ?"

ಹಿರಿಯ ಲೋಟ ಕೆಳಗಿಟ್ಟ. ಅತ್ತೆ ಹಿರಿಯನ ಕಡೆ ತಿರುಗಿ, "ಬಚ್ಚಲು ಯಾರ ಹಿತ್ಲಲ್ಲಿತ್ತು ಅಂತ ಕೇಳಿಸ್ತಲ್ಲ?" ಎಂದರು. ಆಮೇಲೆ, "ಇನ್ನೊಂದ್ ಲೋಟ ಹಾಕ್ಲಾ, ಪಫ್ನೂತಿ?"

ನನ್ನ ಹಲ್ಲುನೋವು ವಾಸಿ. ಉಣ್ಣೆಯ ಕಾಲುಚೀಲ ಕಳಿಸು. ಇಲ್ಲಿ ಅಂಚೆ ಕಚೇರಿಯಲ್ಲಿ ಕೂರುವವಳು ಪಫ್ನೂತಿಯ ಮಗಳು. ಅವಳೂ ಓದಲಿ ಎಂದೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದೆ.

ಅವ್ದೋತ್ಯಾ