ಹಕ್ಕಿ ಓಡಿಸಿದ್ದು ದ್ಯಾಮಕ್ಕನ ಕುರಿಗಳಲ್ಲ

ಮಾನ್ಯ ಸದಸ್ಯ ಕಾರ್ಯದರ್ಶಿಗಳೇ,

ಹಿನ್ನೀರು ದಂಡೆ ಹಕ್ಕಿ ಸಂರಕ್ಷಣಾ ಸಮಿತಿ ಎಂಬ ಉದ್ದ ಹೆಸರಿನ ಕಚೇರಿಯಲ್ಲಿ ಕೂತಿರುವ ತಾವು, ಹಂಪಸಾಗರದ ಕಡೆಯ ದಂಡೆಯಲ್ಲಿ ಕುರಿ ಮೇಯಿಸುವ ದ್ಯಾಮಕ್ಕ ಎಂಬ ಅರವತ್ತು ದಾಟಿದ ಹೆಣ್ಣುಮಗಳ ಹನ್ನೊಂದು ಕುರಿಗಳನ್ನು ದನದ ದೊಡ್ಡಿಗೆ ಹಾಕಿಸಿ ಇವತ್ತಿಗೆ ಹನ್ನೆರಡು ದಿನವಾಯಿತು. "ನನ್ನ ಕುರಿಗಳ ಹಾವಳಿಯಿಂದ ವಲಸೆ ಹಕ್ಕಿಗಳು ದಂಡೆ ಬಿಟ್ಟು ಓಡಿಹೋದವು" ಎಂದು ನಿಮ್ಮವರೇ ಬರೆದಿಟ್ಟ ಹೇಳಿಕೆಗೆ ಆಕೆ ಹೆಬ್ಬೆಟ್ಟು ಒತ್ತಿದರೆ ಕುರಿ ಬಿಡುತ್ತೀರಂತೆ. ಒತ್ತದಿದ್ದರೆ ಇದೇ ಡಿಸೆಂಬರ್ ಹದಿನೈದು, ಬುಧವಾರ ವಿಚಾರಣೆಯಂತೆ. ಆ ಹೇಳಿಕೆ ಶುದ್ಧ ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು. ನನಗೆ ಬರೀ ಕೋಪ ಬಂದಿದ್ದರೆ ನಿಮ್ಮ ಕಚೇರಿಗೆ ಬಂದು ನಾಲ್ಕು ಮಾತು ಆಡಿ ಮನೆಗೆ ಹೋಗುತ್ತಿದ್ದೆ. ಬಂದಿರುವುದು ಹೇಸಿಗೆ. ಅದಕ್ಕೇ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಇದನ್ನು ಹೇಳಲು ನಾನು ಯಾರು ಎಂದು ಕೇಳುತ್ತೀರಿ. ಹಿಂದೊಮ್ಮೆ ಕೇಳಿಯೂ ಇದ್ದಿರಿ. "ಮೇಡಂ, ನಿಮ್ಮ ಹರಪನಹಳ್ಳಿ ಈಗ ದಾವಣಗೆರೆ ಜಿಲ್ಲೆ, ಈ ದಂಡೆ ಬಳ್ಳಾರಿ ಜಿಲ್ಲೆ, ನಿಮಗ್ಯಾಕೆ ಇದರ ಉಸಾಬರಿ" ಎಂದು ನಕ್ಕಿರಿ. ಹಿಮಾಲಯ ದಾಟಿ ಬರುವ ಹೆಬ್ಬಾತು ಯಾವ ಜಿಲ್ಲೆಯದು ಎಂದು ಅವತ್ತೇ ಕೇಳಬೇಕಿತ್ತು, ಈಗ ಕೇಳುತ್ತೇನೆ. ನಾನು ಹರಪನಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಅದರಲ್ಲಿ ಕೊನೆಯ ಹನ್ನೊಂದು ವರ್ಷ, ಮಹಾನವಮಿ ಕಳೆದ ಮೇಲೆ ವರ್ಷಕ್ಕೆ ಎರಡು ಮೂರು ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಮಕ್ಕಳನ್ನು ಹತ್ತಿಸಿಕೊಂಡು, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹಿನ್ನೀರಿನ ದಂಡೆಗೆ ಹಕ್ಕಿ ತೋರಿಸಲು ಹೋಗುತ್ತಿದ್ದೆ. ಕರಾವಳಿಯ ಶಾಲೆಗಳಿಗೆ ಕಡಲ ತೀರವಿದೆ. ನಮಗೆ ಇರುವ ಕಡಲು ಅದೊಂದೇ. ಆಚೆ ದಡ ಕಾಣದ ನೀರನ್ನು ಮೊದಲ ಸಲ ಕಂಡ ಮಕ್ಕಳು ಅಲ್ಲಿ ಹಕ್ಕಿಯನ್ನೂ ಮೊದಲ ಸಲ ನೋಡುತ್ತಿದ್ದರು. ಮನೆಯ ಸೂರಿನ ಗುಬ್ಬಿ ಅವರು ದಿನಾ ಕಾಣುವಂಥದ್ದು, ಆದರೆ ನಿಂತು ನೋಡಿದ್ದಿಲ್ಲ.

ತೊಂಬತ್ತೆರಡರ ಮೊದಲ ಪ್ರವಾಸವನ್ನು ನೆನೆದರೆ ನನಗೇ ನಾಚಿಕೆ. ನಲವತ್ತು ಮಕ್ಕಳು, ಎಲ್ಲರಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಪುಸ್ತಕದಲ್ಲಿ ಓದಿದಂತೆ ತುಟಿಗೆ ಬೆರಳಿಟ್ಟು, ಸಾಲು ಹಿಡಿದು, ಉಸಿರು ಬಿಗಿಹಿಡಿದು ದಂಡೆಗೆ ಇಳಿದೆವು. ಅರ್ಧ ಮೈಲಿ ದೂರದಲ್ಲೇ ಇಡೀ ಹಿಂಡು ಎದ್ದು ನೀರಿನಾಚೆ ಹೋಯಿತು. ನಾವು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಹಿಂದಿನಿಂದ ಯಾರೋ ನಕ್ಕರು. ಕುರಿಗಳ ನಡುವೆ ಕೋಲೂರಿ ನಿಂತಿದ್ದ ದ್ಯಾಮಕ್ಕ.

"ಯಾಕ್ರಿ ಟೀಚರಮ್ಮ, ಇಷ್ಟು ಮಕ್ಳಿಗೆ ಬಿಳಿ ಅಂಗಿ ತೊಡಿಸಿ ಹಕ್ಕಿ ಓಡ್ಸಾಕ ಕರ್ಕೊಂಡು ಬಂದೀರೇನು?"

"ಇಲ್ಲಮ್ಮ, ನೋಡಾಕ ಬಂದೀವಿ."

"ನೋಡೋರು ಹಿಂಗ ಕಳ್ಳರ ಗತಿ ಸುಮ್ಕ ಬರ್ತಾರೇನ್ರಿ? ಸುಮ್ಕ ಬರೋದು ನರಿ. ಬರ್ರಿ ನನ್ನ ಕುರಿ ಸಂಗಾಟ."

ಅವತ್ತು ಆಕೆ ಕಲಿಸಿದ್ದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ಮೊದಲು ಬಿಳಿ ಬಟ್ಟೆ ಮುಚ್ಚುವಂತೆ ಕಂಬಳಿ ಹೊದೆಯಬೇಕು. ಅವತ್ತು ಆಕೆಯ ಬಳಿ ಎರಡು ಇದ್ದವು, ಮುಂದಿನ ವರ್ಷದಿಂದ ಮಕ್ಕಳು ಮನೆಯಿಂದಲೇ ತರತೊಡಗಿದರು. ಹಕ್ಕಿಯ ಕಡೆಗೆ ನೇರವಾಗಿ ನಡೆಯಬಾರದು. ಕುರಿ ಮೇಯುತ್ತ ಹೋದಂತೆ ಹೋಗಬೇಕು, ಅದು ನಿಂತರೆ ನಿಲ್ಲಬೇಕು. ಕೈಯೆತ್ತಿ ತೋರಿಸಬಾರದು, ಯಾಕೆಂದರೆ ಹಕ್ಕಿಗೆ ಎತ್ತಿದ ಕೈ ಎಂದರೆ ಕಲ್ಲು. ಎಲ್ಲಕ್ಕಿಂತ ಮುಖ್ಯ, ಸದ್ದು ನಿಲ್ಲಬಾರದು. ದ್ಯಾಮಕ್ಕ ಕುರಿಗಳಿಗೆ "ಟ್ರ್ರ್ ಹೋಯ್" ಎನ್ನುತ್ತಲೇ ಇರುತ್ತಿದ್ದಳು. ಆ ದನಿ ಕೇಳುತ್ತಿರುವಷ್ಟು ಹೊತ್ತು ಹೆಬ್ಬಾತುಗಳು ತಲೆ ತಗ್ಗಿಸಿ ಹುಲ್ಲು ಮೇಯುತ್ತಿದ್ದವು. ಆಕೆ ಎಲೆ ಅಡಿಕೆ ಹಾಕಿಕೊಳ್ಳಲು ಬಾಯಿ ಮುಚ್ಚಿದರೆ ಸಾಕು, ನೂರಾರು ಕತ್ತುಗಳು ಒಮ್ಮೆಗೇ ಮೇಲೇಳುತ್ತಿದ್ದವು. ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಆ ಬಾತನ್ನು ಪುಸ್ತಕದಲ್ಲಿ ಪಟ್ಟೆತಲೆ ಹೆಬ್ಬಾತು ಅನ್ನುತ್ತಾರೆ. ದ್ಯಾಮಕ್ಕನಿಗೆ ಅದು ಗೆರಿತಲಿ. ಮೂವತ್ತು ಮಾರು ದೂರದಿಂದ ನಮ್ಮ ಮಕ್ಕಳು ಆ ಗೆರೆಗಳನ್ನು ಬರಿಗಣ್ಣಿನಲ್ಲಿ ಎಣಿಸಿದ್ದಾರೆ. ಇಡೀ ಶಾಲೆಗೆ ಇದ್ದದ್ದು ಒಂದು ದುರ್ಬೀನು, ಅದರದ್ದೂ ಒಂದು ಗಾಜು ಒಡೆದಿತ್ತು, ಆದರೂ ಏನೂ ಕೊರತೆಯಾಗಲಿಲ್ಲ.

ಈಗ ನನ್ನ ಮೂರ್ಖತನದ ಕಥೆಗೆ ಬರುತ್ತೇನೆ. ಕಳೆದ ವರ್ಷ ಜೂನ್‌ನಲ್ಲಿ, ನಾನು ನಿವೃತ್ತಳಾದ ಹೊಸದರಲ್ಲಿ, ನಿಮ್ಮ ಸಮಿತಿಯಿಂದ ನನಗೊಂದು ಪತ್ರ ಬಂತು. ದಂಡೆಗೆ ಬರುವ ಹಕ್ಕಿಗಳ ಮಾಹಿತಿ ಬೇಕು, ಸಹಕರಿಸಿ ಎಂದು. ಹಿರಿಹಿರಿ ಹಿಗ್ಗಿದೆ. ಸರ್ಕಾರದ ಮುದ್ರೆ ಇದ್ದ ಕಾಗದದಲ್ಲಿ ಹಕ್ಕಿ ಎಂಬ ಪದ ಕಂಡದ್ದು ನನಗೆ ಅದೇ ಮೊದಲು. ಹನ್ನೊಂದು ವರ್ಷದ ಟಿಪ್ಪಣಿ ಪುಸ್ತಕವನ್ನು ಹದಿನೈದು ದಿನ ಕೂತು ಶುದ್ಧಪ್ರತಿ ಮಾಡಿ ಕೊಟ್ಟೆ. ಯಾವ ತಾರೀಖು, ಎಷ್ಟು ಹೆಬ್ಬಾತು, ಎಷ್ಟು ಸೂಜಿಬಾಲದ ಬಾತು, ಗಾಳಿ ಯಾವ ಕಡೆಯದು, ನೀರು ಎಲ್ಲಿಯವರೆಗೆ, ಎಲ್ಲವೂ ಇತ್ತು. ನಮಗೆ ಹಕ್ಕಿ ತೋರಿಸಿದವಳ ಹೆಸರು ಸರ್ಕಾರದ ಕಡತದಲ್ಲಿ ಒಮ್ಮೆಯಾದರೂ ಇರಲಿ ಎಂಬ ಆಸೆಗೆ ಪ್ರತಿ ದಿನದ ಕೆಳಗೂ ಬರೆದೆ: "ಈ ದಿನವೂ ದ್ಯಾಮಕ್ಕನವರ ಕುರಿಗಳ ನಡುವೆ ನಿಂತು ವೀಕ್ಷಿಸಿದೆವು." ಇಪ್ಪತ್ತಮೂರು ಸಲ ಬರೆದೆ, ಕೃತಜ್ಞತೆಯಿಂದ.

ದ್ಯಾಮಕ್ಕನಿಗೆ ನೀವು ಕಳಿಸಿದ ನೋಟೀಸನ್ನು ಕಳೆದ ವಾರ ಆಕೆಯ ಮನೆಯ ಕಟ್ಟೆಯ ಮೇಲೆ ಕೂತು ನಾನೇ ಓದಿ ಹೇಳಿದೆ. "ಈ ಕೆಳಕಂಡ ಇಪ್ಪತ್ತಮೂರು ದಿನಾಂಕಗಳಂದು ಸದರಿಯವರು ವಲಸೆ ಹಕ್ಕಿಗಳ ಆವಾಸದಲ್ಲಿ ಕುರಿಗಳನ್ನು ನುಗ್ಗಿಸಿರುವುದು ದಾಖಲೆಗಳಿಂದ ಸಾಬೀತಾಗಿರುತ್ತದೆ." ಎರಡನೇ ತಾರೀಖಿಗೆ ನನಗೆ ಅನುಮಾನ ಬಂತು. ಐದನೆಯದಕ್ಕೆ ಓದುವುದು ನಿಲ್ಲಿಸಿ ಉಳಿದವುಗಳ ಮೇಲೆ ಬೆರಳಾಡಿಸಿದೆ. ಅಷ್ಟೂ ನನ್ನ ಪ್ರವಾಸದ ತಾರೀಖುಗಳು. ನಾನು ಹಾಡಿಹೊಗಳಿ ಬರೆದುಕೊಟ್ಟದ್ದನ್ನೇ ನೀವು ಆರೋಪಪಟ್ಟಿ ಮಾಡಿದ್ದೀರಿ. ಅದೇ ಸಾಲಿನಲ್ಲಿ, ಅದೇ ತಾರೀಖಿಗೆ, ಅದೇ ಕುರಿಗಳ ಪಕ್ಕದಲ್ಲಿ "ಹೆಬ್ಬಾತು ಆರುನೂರ ಹತ್ತು" ಎಂದು ಬರೆದಿರುವುದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಕುರಿ ಇದ್ದ ದಿನವೇ ಆರುನೂರು ಹಕ್ಕಿ ಮೇಯುತ್ತಿದ್ದವೆಂದರೆ ಓಡಿಹೋದವು ಯಾವುವು? ಅಥವಾ ನಿಮ್ಮ ಕಚೇರಿಯಲ್ಲಿ ಸಾಲಿನ ಎಡಭಾಗ ಓದಲು ಒಬ್ಬರು, ಬಲಭಾಗ ಓದಲು ಇನ್ನೊಬ್ಬರು ಇದ್ದು, ಎರಡನೆಯವರು ರಜೆಯಲ್ಲಿದ್ದರೋ?

ಹಕ್ಕಿಗಳು ಹೇಗೆ ಓಡಿದವು ಎಂದು ನನಗೆ ಗೊತ್ತು, ಏಕೆಂದರೆ ಅವತ್ತು ನೀವು ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದಿರಿ. ಕಳೆದ ವರ್ಷ ನವೆಂಬರ್ ಕೊನೆಯ ಭಾನುವಾರ ನಡೆದ ನಿಮ್ಮ ಹಕ್ಕಿ ಉತ್ಸವ. ಅದಕ್ಕೂ ತಿಂಗಳ ಮುಂಚೆಯೇ ಮೇಲಿನ ದಂಡೆಗೆ ಮುಳ್ಳುತಂತಿ ಬಿಗಿದು ಕುರಿಗಳನ್ನು ಹೊರಗೆ ಹಾಕಿದ್ದಿರಿ. ನೀರಿನಂಚಿಗೆ ಶಾಮಿಯಾನ. ಕಂಬಕ್ಕೆ ಎರಡರಂತೆ ಮೈಕು. ಬಂದವರಿಗೆಲ್ಲ ಬಿಳಿ ಟೋಪಿ. ಹೆಬ್ಬಾಗಿಲಿನ ಫಲಕದಲ್ಲಿ ಹೆಬ್ಬಾತು ಎಂದು ಬರೆಸಿದ್ದ ಚಿತ್ರ ಸರಸ್ವತಿ ಪಟದಿಂದ ಎದ್ದು ಬಂದ ಹಂಸದ್ದು. ಏಳಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ಆರು ಜೀಪುಗಳಲ್ಲಿ ದಂಡೆಯ ಮೇಲೆಯೇ ಬಂದರು. ಅವರು ಇಳಿದ ಕೂಡಲೇ ಡೊಳ್ಳು, ಡೊಳ್ಳಿನ ಹಿಂದೆ ಪಟಾಕಿ ಸರ. ಪಟಾಕಿ! ಹಕ್ಕಿ ನೋಡಲು ಕರೆದು ಪಟಾಕಿ ಹೊಡೆದ ಸಮಿತಿ ಭೂಮಿಯ ಮೇಲೆ ಇನ್ನೊಂದು ಇದ್ದರೆ ದಯಮಾಡಿ ತಿಳಿಸಿ, ಅವರಿಗೂ ಒಂದು ಪತ್ರ ಬರೆಯುತ್ತೇನೆ. ಇಡೀ ದಂಡೆ ಎದ್ದುಹೋಯಿತು. ಆಕಾಶ ಖಾಲಿಯಾದ ಮೇಲೆ ತಾವು ಮೈಕಿನ ಮುಂದೆ ನಿಂತು "ಈ ವಲಸೆ ಹಕ್ಕಿಗಳು ನಮ್ಮ ಅತಿಥಿಗಳು" ಎಂದು ನಲವತ್ತು ನಿಮಿಷ ಮಾತಾಡಿದಿರಿ. ಉಪ್ಪಿಟ್ಟು ಚೆನ್ನಾಗಿತ್ತು. ನಾನೂ ತಿಂದೆ.

ಅವತ್ತು ತಂತಿಯ ಹೊರಗೆ ದ್ಯಾಮಕ್ಕ ನಿಂತಿದ್ದಳು. ನಾನು ಕಾಗದದ ತಟ್ಟೆ ಹಿಡಿದುಕೊಂಡೇ ಹತ್ತಿರ ಹೋದೆ. ಆಕೆ ನನ್ನ ತಲೆಯ ಮೇಲಿನ ಬಿಳಿ ಟೋಪಿ ನೋಡಿದಳು.

"ನೀವೂ ಹಾಕ್ಕೊಂಡೀರಿ ಟೀಚರಮ್ಮ?" ಎಂದಷ್ಟೇ ಕೇಳಿದಳು.

ಈ ವರ್ಷ ಹೆಬ್ಬಾತು ಬಂದವು, ಇಳಿಯಲಿಲ್ಲ. ಎರಡು ಸುತ್ತು ಹಾಕಿ ಮೇಲಕ್ಕೆ ಹೋದವು. ಕಾರಣ ತಿಳಿಯಲು ತಜ್ಞರನ್ನು ಕರೆಸುವಿರೆಂದು ಕೇಳಿದೆ. ಬೇಡ, ನಾನೇ ಹೇಳುತ್ತೇನೆ. ಒಂದು ವರ್ಷ ಕುರಿಯ ಬಾಯಿ ಬೀಳದ ದಂಡೆಯಲ್ಲಿ ಹುಲ್ಲು ಸೊಂಟದುದ್ದ ಬೆಳೆದು ಒರಟಾಗಿ ನಿಂತಿದೆ. ಹೆಬ್ಬಾತು ಮೇಯುವುದು ನೆಲಕ್ಕಂಟಿದ ಎಳೆ ಹುಲ್ಲನ್ನು. ನಾಯಿ ನರಿ ಬಂದರೆ ದೂರದಿಂದಲೇ ಕಾಣುವಂಥ ಬಯಲು ಬೇಕು ಅದಕ್ಕೆ. ಇಷ್ಟು ವರ್ಷ ಆ ಬಯಲನ್ನು ಹಸನಾಗಿ ಇಟ್ಟದ್ದು ದ್ಯಾಮಕ್ಕನ ಕುರಿಗಳು. ಹಕ್ಕಿಗೆ ಹಾಸಿಗೆ ಹಾಸಿದವರನ್ನೇ ಹಕ್ಕಿ ಓಡಿಸಿದವರೆಂದು ಹಿಡಿದಿದ್ದೀರಿ.

ಕುರಿ ತಂತಿಯೊಳಗೆ ಹೋದದ್ದು ನಿಜ. ಹಳ್ಳದ ತಗ್ಗಿನಲ್ಲಿ ತಂತಿ ಸಡಿಲವಾದಲ್ಲಿ ಹನ್ನೊಂದು ಕುರಿ ಒಂದು ವಾರ ನುಸುಳಿ ಮೇಯ್ದಿವೆ. ದ್ಯಾಮಕ್ಕ ಅದನ್ನು ಅಲ್ಲಗಳೆದಿಲ್ಲ. ಹನ್ನೆರಡು ದಿನದಿಂದ ತಾಯಿ ಇಲ್ಲದ ನಾಲ್ಕು ಮರಿಗಳು ಆಕೆಯ ಅಂಗಳದಲ್ಲಿ ಒದರುತ್ತಿವೆ. ಆಡಿನ ಹಾಲು ಕುಡಿಸಿ ಹೇಗೋ ಉಳಿಸಿಕೊಂಡಿದ್ದಾಳೆ. ಆ ಸದ್ದು ಕೇಳಲಾಗದೆ ನಾನೇ ಅಂದೆ, "ದ್ಯಾಮಕ್ಕ, ಒತ್ತಿಬಿಡು. ಒಂದು ಹೆಬ್ಬೆಟ್ಟು ತಾನೇ. ಕುರಿ ಮನಿಗೆ ಬರ್ತಾವ."

"ಕುರಿ ಒಳಗ ಹೋದ್ವು ಅಂತ ಬರಕೊಂಡು ಬರ್ಲಿ, ಈಗ್ಲೇ ಒತ್ತತೀನಿ" ಎಂದಳು. "ಹಕ್ಕಿ ಓಡಿಸೀನಿ ಅಂತ ಬರದ್ರ ನಾ ಒತ್ತಂಗಿಲ್ರಿ. ನಮ್ಮಪ್ಪನ ಕಾಲದಿಂದ ಅವು ನಮ್ಮ ಕುರಿ ಸಂಗಾಟ ಮೇಯ್ದಾವ. ನೀವು ಓದಿದೋರು, ನೀವು ಹಿಂಗ ಹೇಳತೀರಲ್ಲ."

ಅಕ್ಷರ ಬಾರದ ಆಕೆಗೆ ತನ್ನ ಹೆಬ್ಬೆಟ್ಟಿನ ಬೆಲೆ ಗೊತ್ತಿದೆ. ನಿಮಗೆ ನಿಮ್ಮ ಸಹಿಯ ಬೆಲೆ ಗೊತ್ತಿಲ್ಲ, ಇಪ್ಪತ್ತಮೂರು ಸಲ ಆಕೆಯ ಹೆಸರು ಬರೆದ ನನಗೆ ನನ್ನ ಬರವಣಿಗೆಯ ಬೆಲೆ ಗೊತ್ತಿರಲಿಲ್ಲ.

ನಿನ್ನೆ ಭಾನುವಾರ ಮತ್ತೆ ದಂಡೆಗೆ ಹೋಗಿದ್ದೆ, ಒಬ್ಬಳೇ. ಅಲ್ಲಿ ಒಬ್ಬರು ನನ್ನನ್ನು ಕರೆದು ಒಂದು ಜಾಗ ತೋರಿಸಿದರು. ಯಾರೆಂದು ಬರೆಯುವುದಿಲ್ಲ. ಹೆಸರು ಬರೆದರೆ ಏನಾಗುತ್ತದೆ ಎಂಬುದನ್ನು ನಿಮ್ಮಿಂದ ಕಲಿತಿದ್ದೇನೆ. ಅಷ್ಟು ದೊಡ್ಡ ಬೇಲಿಯೊಳಗೆ, ಸೊಂಟದುದ್ದ ಹುಲ್ಲಿನ ನಡುವೆ, ರಾಶಿ ಮಾಡುವ ಒಂದು ಕಣದಷ್ಟು ನೆಲ ಮಾತ್ರ ಬೋಳಾಗಿ, ಹೊಸ ಚಿಗುರು ಒಡೆದು ಹಸಿರಾಗಿತ್ತು. ಹನ್ನೊಂದು ಕುರಿ ಒಂದು ವಾರ ಮೇಯ್ದ ನೆಲ ಅದು. ಅದರ ಮೇಲೆ ಒಂಬತ್ತು ಗೆರಿತಲಿ ನಿಂತು ಮೇಯುತ್ತಿದ್ದವು. ಈ ವರ್ಷ ನಿಮ್ಮ ದಂಡೆಗೆ ಇಳಿದ ಹೆಬ್ಬಾತು ಅಷ್ಟೇ. ನನ್ನ ಮೈಮೇಲೆ ಕಂಬಳಿ ಇರಲಿಲ್ಲ, ಹತ್ತಿರ ಹೋಗಲಿಲ್ಲ. ನಿಂತಲ್ಲೇ ಅತ್ತೆ.

ಆದ್ದರಿಂದ ಮಾನ್ಯರೇ, ನಾನು ಕೇಳುತ್ತಿರುವುದು ಇಷ್ಟು. ಆ ಹೇಳಿಕೆಯನ್ನು ಹರಿದು ಹಾಕಿ. ಕುರಿಗಳನ್ನು ಹದಿನೈದರ ಬುಧವಾರದವರೆಗೆ ಇಟ್ಟುಕೊಳ್ಳದೆ ಇವತ್ತೇ ಮನೆಗೆ ಬಿಡಿ. ಆ ಮುಳ್ಳುತಂತಿಯನ್ನು ಬಿಚ್ಚಿ. ಇದಾವುದೂ ಆಗುವುದಿಲ್ಲ, ವಿಚಾರಣೆ ನಡೆದೇ ತೀರಬೇಕು ಎನ್ನುವುದಾದರೆ ಆರೋಪಪಟ್ಟಿಯನ್ನು ಪೂರ್ತಿ ಮಾಡಿ. ಆ ಇಪ್ಪತ್ತಮೂರು ದಿನವೂ ಕುರಿಗಳ ನಡುವೆ ನಾನಿದ್ದೆ. ನನ್ನ ಜೊತೆ ಒಟ್ಟು ನಾನೂರಕ್ಕೂ ಹೆಚ್ಚು ಮಕ್ಕಳಿದ್ದರು. ಅವರಲ್ಲಿ ಈಗ ಮೇಷ್ಟ್ರಾದವರಿದ್ದಾರೆ, ನರ್ಸ್ ಆದವರಿದ್ದಾರೆ, ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮೆಕ್ಕೆಜೋಳದ ಲಾರಿ ತುಂಬುವ ಕೂಲಿಗೆ ಕಾಯುವವರಿದ್ದಾರೆ. ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದೇನೆ. ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಬಂದವರೆಲ್ಲ ಕಂಬಳಿ ಹೊದ್ದು ನಿಮ್ಮ ಕಚೇರಿಯ ಮುಂದೆ ನಿಲ್ಲುತ್ತೇವೆ. ಗಲಾಟೆ ಮಾಡುವುದಿಲ್ಲ. ಸುಮ್ಮನೆಯೂ ಇರುವುದಿಲ್ಲ, ಸುಮ್ಮನಿರಬಾರದೆಂದು ದ್ಯಾಮಕ್ಕ ಕಲಿಸಿದ್ದಾಳೆ. ನಿಮಗೆ ಹೆಬ್ಬೆಟ್ಟೇ ಬೇಕಿದ್ದರೆ ನನ್ನದು ತೆಗೆದುಕೊಳ್ಳಿ. ಅವತ್ತು ನೀವು ಹಂಚಿದ ಬಿಳಿ ಟೋಪಿ ನನ್ನ ಬಳಿ ಇನ್ನೂ ಇದೆ. ಅದನ್ನೂ ತಂದು ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ.

ಇಂತಿ,
ದ್ಯಾಮಕ್ಕನ ಇಪ್ಪತ್ತಮೂರು ಅಪರಾಧಗಳನ್ನು ದುಂಡಗಿನ ಅಕ್ಷರದಲ್ಲಿ ತಾನೇ ಬರೆದುಕೊಟ್ಟ,
ಅನ್ನದಾನಮ್ಮ
ನಿವೃತ್ತ ವಿಜ್ಞಾನ ಶಿಕ್ಷಕಿ, ಹರಪನಹಳ್ಳಿ
ಸೋಮವಾರ, ಡಿಸೆಂಬರ್ 6, 2004