ಕುಂಕುಮ ಹತ್ತಿದ ರಸೀದಿಗಳು

ಬ್ಯಾಡಗಿ, ೧೨ ಮಾರ್ಚ್ ೧೯೯೮

ಠೇವಣಿದಾರರ ಅರ್ಜಿಗಳನ್ನು ಓದದೆಯೇ ವಿಚಾರಿಸಬಲ್ಲ ವಿಚಾರಣಾಧಿಕಾರಿಗಳೇ,

ಮಾನ್ಯರೇ, ನಮ್ಮೂರಿನ ನಲವತ್ತೊಂದು ಹೆಣ್ಣುಮಕ್ಕಳ ಅರ್ಜಿಗಳನ್ನು ತಮ್ಮ ಹಾವೇರಿ ಕಚೇರಿ ಕಳೆದ ವಾರ ಒಂದೇ ಸಾಲಿನ ಷರಾ ಬರೆದು ಮರಳಿಸಿದೆ: 'ಮೂಲ ರಸೀದಿ ಕಂಪನಿಯ ವಶದಲ್ಲಿ ದೊರೆತಿರುವುದರಿಂದ ಹಣ ಸಂದಾಯವಾಗಿದೆಯೆಂದು ಭಾವಿಸಲಾಗಿದೆ.' ಹಣ ಸಂದಾಯವಾಗಿಲ್ಲ. ಇದೇ ಮೂವತ್ತೊಂದಕ್ಕೆ ಮೇಲ್ಮನವಿಯ ಗಡುವು ಮುಗಿಯುತ್ತದೆ. ಅಷ್ಟರೊಳಗೆ ತಾವು ಕಂಪನಿಯಿಂದ ಜಪ್ತಿ ಮಾಡಿಟ್ಟಿರುವ ರಸೀದಿಗಳ ಗೋಣಿಚೀಲವನ್ನು ಬಿಚ್ಚಿ ನೋಡಬೇಕು. ಏಕೆಂದು ಈ ಪತ್ರಿಕೆಯ ಮೂಲಕವೇ ಹೇಳುತ್ತೇನೆ.

ನಮ್ಮ ಠೇವಣಿ ಇಟ್ಟುಕೊಂಡಿದ್ದ ಆ ಕಂಪನಿ ಕಟ್ಟಿದ ಅಂದಾನೆಪ್ಪನನ್ನು ಈಗ ಎಲ್ಲರೂ ಹುಟ್ಟುಗಳ್ಳನೆನ್ನುತ್ತಾರೆ. ಹಾಗೆನ್ನುವವರಲ್ಲಿ ಅನೇಕರು ಅವನಿಗೆ ಹಾರ ಹಾಕಲು ಸಾಲುಗಟ್ಟಿದ್ದವರು. ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲ ಅವನು. ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸುತ್ತಿದ್ದ, ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಕೈಗಡ ಕೊಟ್ಟು, ಅವರ ಉಳಿತಾಯ ಇಟ್ಟುಕೊಂಡು ಬೆಳೆದ. ಎಂಬತ್ತೇಳರಲ್ಲಿ ಅವನಿಗಿದ್ದುದು ಒಂದು ಮೇಜು. ತೊಂಬತ್ನಾಲ್ಕರ ಹೊತ್ತಿಗೆ ರಾಣೆಬೆನ್ನೂರು, ಹಾವೇರಿಗಳಲ್ಲೂ ಗಾಜಿನ ಬಾಗಿಲಿನ ಶಾಖೆಗಳು. ಅಲ್ಲಿಯವರೆಗೆ ಯಾರಿಗೂ ಒಂದು ಪೈಸೆ ತಪ್ಪಿಸಲಿಲ್ಲ. ಆಮೇಲೆ ಹತ್ತಿ ಗಿರಣಿ ಕೊಂಡ. ಗಿರಣಿ ಎಲ್ಲರ ಠೇವಣಿಯನ್ನೂ ನುಂಗಿತು. ಅವನು ಕಳ್ಳನೋ, ಮುಳುಗುವಾಗ ಕೈಗೆ ಸಿಕ್ಕವರನ್ನು ಹಿಡಿದೆಳೆದವನೋ, ನನಗಿನ್ನೂ ತಿಳಿದಿಲ್ಲ. ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ತಾವು ಚೀಲ ನೋಡಿ.

ದೀಪಾವಳಿ ಪಾಡ್ಯದಂದು ನಮ್ಮ ಪೇಟೆಯಲ್ಲಿ ಹೊಸ ಲೆಕ್ಕದ ಪುಸ್ತಕದ ಪೂಜೆ. ಅಂದಾನೆಪ್ಪನ ಕಚೇರಿಯಲ್ಲಿ ಅಂದು ಹಳೆಯ ರಸೀದಿಗಳನ್ನು ಲಕ್ಷ್ಮಿಯ ಮುಂದಿನ ತಾಟಿನಲ್ಲಿಡುವುದು, ಕುಂಕುಮ ಏರಿಸುವುದು, ಬಡ್ಡಿ ಸೇರಿಸಿದ ಹೊಸ ರಸೀದಿಯನ್ನು ಒಳ್ಳೆಯ ದಿನ ನೋಡಿ ಕೊಡುವುದು ರೂಢಿಯಾಗಿತ್ತು. ಪ್ರತಿ ವರ್ಷ ಕೊಟ್ಟೂ ಇದ್ದ. ಕಳೆದ ದೀಪಾವಳಿಯಲ್ಲಿ ತಾಟು ನನ್ನ ಮುಂದೆಯೂ ಬಂತು. ನಾನು ರಸೀದಿ ಇಡಲಿಲ್ಲ. ಜಾಣತನದಿಂದಲ್ಲ, ಕಾನ್ವೆಂಟಿನಲ್ಲಿ ಕಲಿತವಳಿಗೆ ಇಂಥದ್ದೆಲ್ಲ ತುಸು ಕೀಳೆಂಬ ಬಿಂಕ. ಉಳಿದವರ ಹೊಸ ರಸೀದಿ ಈ ವಾರ, ಮುಂದಿನ ವಾರ, ಸಂಕ್ರಾಂತಿ ಕಳೆಯಲಿ ಎಂದು ಮುಂದೆ ಹೋಯಿತು. ಜನವರಿ ಇಪ್ಪತ್ತರಂದು ಗಾಜಿನ ಬಾಗಿಲಿಗೆ ಬೀಗ ಬಿತ್ತು.

ಗುತ್ತೆವ್ವ ಒಂಬತ್ತು ವರ್ಷ ಮೆಣಸಿನಕಾಯಿಯ ಘಾಟು ಕುಡಿದು ಕೂಡಿಸಿದ್ದು ಹದಿನೆಂಟು ಸಾವಿರ. ಮೋಟೆಬೆನ್ನೂರಿನಲ್ಲಿ ಎರಡು ಖೋಲಿಯ ಮನೆಗೆ ಮುಂಗಡ ಕೊಟ್ಟಿದ್ದಾಳೆ. ಹಣ ಬರುತ್ತದೆಂಬ ಸರಕಾರದ ಕಾಗದ ತೋರಿಸಿದರೆ ಮಾತ್ರ ಮನೆಯ ಯಜಮಾನ ಈ ತಿಂಗಳಾಚೆ ಕಾಯುತ್ತಾನಂತೆ. ಅವಳನ್ನೂ ಅವಳ ಜೊತೆಗಾತಿ ದೌಲತಬಿಯನ್ನೂ ತಮ್ಮ ಕಚೇರಿಗೆ ನಾನೇ ಕರೆತಂದಿದ್ದೆ. ರಸೀದಿ ಕೈಬಿಟ್ಟು ಕೊಟ್ಟದ್ದೇಕೆಂದು ತಮ್ಮ ಗುಮಾಸ್ತರು ಗದರಿದರು.

"ಲಕ್ಷ್ಮಿ ಮುಂದ ಇಟ್ಟದ್ದನ್ನ ಪೂಜಿ ಮುಗಿಯೂದ್ರಾಗ ಹೊಳ್ಳಿ ಕೊಡ್ರಿ ಅನ್ನಾಕ ಬಾಯಿ ಬರತೈತೇನ್ರಿ ಸಾಹೇಬ್ರ?" ಎಂದಳು ಗುತ್ತೆವ್ವ.

"ನಾನೂ ಇಟ್ಟೇನ್ರಿ," ಎಂದಳು ದೌಲತಬಿ. "ಲಕ್ಷ್ಮಿ ನನ್ನ ಜಾತಿ ಕೇಳಲಿಲ್ಲ. ನಿಮ್ಮ ಅರ್ಜಿ ಕೇಳೇತಿ."

ಗುಮಾಸ್ತರು ನಗಲಿಲ್ಲ. ಲಕ್ಷ್ಮಿಯ ಮುಂದಿನ ತಾಟಿಗೆ ನಿಯಮಾವಳಿಯಲ್ಲಿ ಕಲಮು ಇಲ್ಲವೆಂದು ನನಗೆ ಇಂಗ್ಲಿಷಿನಲ್ಲಿ ತಿಳಿಸಿದರು.

ಇನ್ನು ನನ್ನ ಮಾತು. ಅವನ ಕಂಪನಿಯ ಇಂಗ್ಲಿಷ್ ಪತ್ರಗಳನ್ನು ಬರೆದುಕೊಡುತ್ತಿದ್ದವಳು ನಾನು. ಜನವರಿ ಒಂಬತ್ತರಂದು ಅಂದಾನೆಪ್ಪ ನಮ್ಮ ಮನೆಗೆ ಬಂದ. ಕುಳಿತುಕೊಳ್ಳಲೂ ಇಲ್ಲ. "ಅಕ್ಕಾರ, ನಿಮ್ಮ ರೊಕ್ಕ ತಗೋರಿ. ಯಾರ ಮುಂದೂ ಹೇಳಬ್ಯಾಡ್ರಿ." ನಲವತ್ತು ಸಾವಿರ. ಯಾಕೆಂದು ಕೇಳಲಿಲ್ಲ. ನನ್ನ ಮೇಲಿನ ಗೌರವವೋ, ನಾನು ಬರೆಯಬಲ್ಲ ದೂರಿನ ಭಯವೋ? ಎರಡು ದಿನ ಬಿಟ್ಟು ಗುತ್ತೆವ್ವ ಹೊಸ ರಸೀದಿ ಯಾವಾಗ ಬರುತ್ತದೆಂದು ನನ್ನನ್ನೇ ಕೇಳಿದಳು. ಬರುತ್ತದೆ ಎಂದೆ. ಕಾನೂನಿನ ಕಣ್ಣಲ್ಲಿ ಇದು ಅಪರಾಧವೋ ಅಲ್ಲವೋ ತಾವೇ ಹೇಳಿ. ನನ್ನ ಕಣ್ಣಿಗೆ ಬೇರೆ ಪುರಾವೆ ಬೇಕಿಲ್ಲ.

ಆದರೆ ತಮಗೆ ಬೇಕಾದ ಪುರಾವೆ ಇದರಲ್ಲೇ ಇದೆ. ನಿಜವಾಗಿ ಹಣ ತೀರಿಸುವಾಗ ಅಂದಾನೆಪ್ಪ ರಸೀದಿಯ ಹಿಂಬದಿಗೆ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಿದ್ದ. ಅಂದು ನನ್ನದರ ಮೇಲೂ ಹಾಕಿಸಿಕೊಂಡು ರಸೀದಿ ಒಯ್ದ. ಸಂಖ್ಯೆ ೬೧೮, ಅದೇ ಚೀಲದಲ್ಲಿರಬೇಕು: ಹಿಂದೆ ನನ್ನ ಸಹಿ, ಮುಂದೆ ಕುಂಕುಮವಿಲ್ಲ. ಗುತ್ತೆವ್ವನದನ್ನು ಪಕ್ಕದಲ್ಲಿಟ್ಟು ನೋಡಿ: ಮುಂದೆ ಕುಂಕುಮ, ಹಿಂದೆ ಬರೀ ಕಾಗದ. ಹಾಗಿಲ್ಲದಿದ್ದರೆ ನನ್ನನ್ನು ಸುಳ್ಳುಗಾತಿಯೆಂದು ಇದೇ ಪತ್ರಿಕೆಯಲ್ಲಿ ಅಚ್ಚುಹಾಕಿಸಿ.

ಅಚ್ಚಿಗೆ ಕೊಡುವ ಮೊದಲು ಇದನ್ನು ಗುತ್ತೆವ್ವನಿಗೆ ಓದಿ ಹೇಳಿದೆ. ಅವಳು ನನ್ನ ಮುಖ ನೋಡದೆ, "ನಿಮ್ಮ ನಂಬರ ದಪ್ಪಗ ಬರೀರಿ ಅಕ್ಕಾರ, ಅವರಿಗೆ ಲಗೂ ಸಿಗಲಿ," ಎಂದು ಎದ್ದು ಹೋದಳು.

ಮೂವತ್ತೊಂದರೊಳಗೆ, ಆ ನಲವತ್ತೊಂದು ಜನರ ಎದುರಿನಲ್ಲೇ, ಚೀಲ ಬಿಚ್ಚಿ. ಒಂದೊಂದು ರಸೀದಿಯನ್ನೂ ತಿರುವಿ ನೋಡಿ. ಹಿಂಬದಿ ಖಾಲಿಯಿದ್ದವರಿಗೆ ಬಾಕಿಯಿದೆಯೆಂದು ಬರೆದು ಕೊಡಿ. ಎಲ್ಲರ ಪಾಲಿಗೆ ಸೇರಿಸಲು ನನ್ನ ನಲವತ್ತು ಸಾವಿರದ ಡ್ರಾಫ್ಟನ್ನು ತಮ್ಮ ಕಚೇರಿಗೆ ಇಂದೇ ಕಳಿಸಿದ್ದೇನೆ. ಅದಕ್ಕೊಂದು ರಸೀದಿ ಕೊಡಿ. ಈ ಸಲ ಅದನ್ನು ಗುತ್ತೆವ್ವನ ಕೈಗೆ ಕೊಡಿ.

ಇಂತಿ, ಹಿಂಬದಿಯಲ್ಲಿ ಸಹಿಯಿರುವ,
೬೧೮ನೇ ನಂಬರಿನ
ಪ್ರೇಮಾ